ಯಾರ ಪಕ್ಕ ಕೂರಬೇಕು?

ಪರಿಚಯದವರೊಬ್ಬರು ಮೊನ್ನೆ ಫೋನ್ ಮಾಡಿದ್ದರು. ಅವರ ಮಗಳಿಗೆ ಆರ್ಕಿಟೆಕ್ಟ್ ಆಗುವ ಆಸೆ. ಕೋರ್ಸಿಗೆ ಸೇರುವ ಮೊದಲು ಆ ಕೆಲಸ ನಿಜಕ್ಕೂ ಹೇಗಿರುತ್ತದೆ ಅಂತ ಅವಳು ಹತ್ತಿರದಿಂದ ನೋಡಲಿ ಅನ್ನುವುದು ಅಪ್ಪನ ಯೋಚನೆ. ಒಳ್ಳೆಯ ಯೋಚನೆಯೇ. "ನಿಮಗೆ ಯಾರಾದರೂ ದೊಡ್ಡ ಆರ್ಕಿಟೆಕ್ಟ್ ಗೊತ್ತಿದ್ದರೆ ಹೇಳಿ. ಒಂದು ವಾರ ಅವರ ಜೊತೆ ಇದ್ದು ನೋಡಿಕೊಂಡು ಬರಲಿ" ಅಂದರು. ಗೊತ್ತಿದ್ದವರ ನಂಬರ್ ಕೊಟ್ಟೆ. ಫೋನ್ ಇಟ್ಟ ಮೇಲೆ ಮಾತ್ರ, ದೊಡ್ಡವರೇ ಯಾಕೆ ಬೇಕು ಅನ್ನುವ ಪ್ರಶ್ನೆ ತಲೆಯಲ್ಲಿ ಕೂತಿದ್ದು ಇನ್ನೂ ಎದ್ದು ಹೋಗಿಲ್ಲ.

ಯಾರು ಕೇಳಿದರೂ ಹೀಗೇ ಕೇಳುತ್ತಾರೆ. ಡಾಕ್ಟರ್ ಆಗಬೇಕು ಅನ್ನುವ ಹುಡುಗನನ್ನು ವಿಭಾಗದ ಮುಖ್ಯಸ್ಥರ ಹತ್ತಿರ ಕಳಿಸುತ್ತಾರೆ. ವಕೀಲಿಕೆ ಅಂದರೆ ಹೆಸರು ಮಾಡಿದ ಸೀನಿಯರ್ ವಕೀಲರ ಚೇಂಬರಿಗೆ. ಹೀಗೆ ಕೆಲಸ ಮಾಡುವವರ ಜೊತೆಗಿದ್ದು ನೋಡುವುದಕ್ಕೆ ಜಾಬ್ ಶ್ಯಾಡೋಯಿಂಗ್ ಅನ್ನುತ್ತಾರೆ, ಅದು ಹೊಸ ವಿಷಯವೇನಲ್ಲ. ಜರ್ಮನಿ, ಫಿನ್ಲೆಂಡ್‌ನಂಥ ದೇಶಗಳಲ್ಲಿ ಅದು ಶಾಲೆಯ ಭಾಗವೇ ಆಗಿದೆ, ಮಕ್ಕಳು ಕೆಲವು ದಿನ ಯಾವುದಾದರೂ ಕೆಲಸದ ಜಾಗದಲ್ಲಿ ಕಳೆದು ಬರುತ್ತಾರೆ. ಅಮೆರಿಕದಲ್ಲಿ ಹೆಣ್ಣುಮಕ್ಕಳನ್ನು ಒಂದು ದಿನ ತಮ್ಮ ಕೆಲಸದ ಜಾಗಕ್ಕೆ ಕರೆದುಕೊಂಡು ಹೋಗುವ ಪದ್ಧತಿ 1993ರಲ್ಲಿ ಶುರುವಾಯಿತು, ಹತ್ತು ವರ್ಷದ ನಂತರ ಗಂಡುಮಕ್ಕಳೂ ಸೇರಿಕೊಂಡರು. ನೋಡಿ ಬರುವುದು ಒಳ್ಳೆಯದು ಅನ್ನುವುದಕ್ಕೆ ಯಾರ ತಕರಾರೂ ಇಲ್ಲ. ಯಾರನ್ನು ನೋಡಬೇಕು ಅನ್ನುವುದನ್ನು ಮಾತ್ರ ಯಾರೂ ಯೋಚಿಸುವುದಿಲ್ಲ. ಇಪ್ಪತ್ತೈದು ವರ್ಷ ಅನುಭವ ಇರುವವರ ಪಕ್ಕ ಕೂತರೆ ಕಾಣುವುದು ಇಪ್ಪತ್ತೈದು ವರ್ಷ ಆದ ಮೇಲಿನ ಕೆಲಸ. ಕೋರ್ಸ್ ಮುಗಿಸಿದ ಹುಡುಗಿ ಸೇರುವುದು ಆ ಕೆಲಸಕ್ಕಲ್ಲ. ಎರಡಕ್ಕೂ ಹೆಸರು ಒಂದೇ ಇರುತ್ತದೆ, ಅಷ್ಟೇ.

ಎರಡು ತಲೆಯ ಮೈಕ್ರೋಸ್ಕೋಪ್

ಮುಂದೇನು ಓದಬೇಕು ಅಂತ ಗೊತ್ತಿಲ್ಲದ ದಿನಗಳಲ್ಲಿ ನಾನೂ ಹೀಗೆ ಒಬ್ಬರ ಪಕ್ಕ ಕೂತಿದ್ದೆ. ಅವರು ಪೆಥಾಲಜಿಸ್ಟ್, ಅಪ್ಪನ ಸ್ನೇಹಿತರೊಬ್ಬರ ಅಕ್ಕ. ಆಪರೇಷನ್‌ನಲ್ಲಿ ತೆಗೆದ ತುಂಡು ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಹೇಳುವವರು. ವಿಭಾಗಕ್ಕೆ ಅವರೇ ಮುಖ್ಯಸ್ಥೆ. ಅವರ ಮೇಜಿನ ಮೇಲೆ ಎರಡು ತಲೆಯ ಮೈಕ್ರೋಸ್ಕೋಪ್ ಇತ್ತು. ಸ್ಲೈಡ್ ಒಂದೇ, ಕಣ್ಣಿಟ್ಟು ನೋಡುವ ಜಾಗ ಎರಡು. ಒಂದು ಕಡೆ ಅವರು, ಇನ್ನೊಂದು ಕಡೆ ನಾನು. ಬೇರೆಯವರ ಕೆಲಸ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಯಾವ ಕೆಲಸದಲ್ಲೂ ಇರಲಾರದು. ಅವರಿಗೆ ಕಾಣುವುದೇ ನನಗೂ ಕಾಣಬೇಕು. ರೋಗಿಯ ಹೆಸರು ಇರುವ ಕಡೆ ಮೊದಲೇ ಕಾಗದ ಅಂಟಿಸಿ ಮುಚ್ಚಿದ್ದರು.

ಒಳಗೆ ಒಂದು ಸಣ್ಣ ಹಸಿರು ಬಾಣ. ಅದನ್ನು ಅವರು ಆಚೀಚೆ ಓಡಿಸುತ್ತಿದ್ದರು. "ಬಾಣದ ತುದಿ ನೋಡು, ಕಾಣ್ತಾ?" "ಏನು ಮೇಡಂ?" "ನಿನಗೆ ಏನು ಕಾಣ್ತಿದೆ ಅದನ್ನ ಹೇಳು." "ಗುಲಾಬಿ ಬಣ್ಣ. ಮಧ್ಯೆ ಮಧ್ಯೆ ನೇರಳೆ ಚುಕ್ಕಿ." ಅವರು ಜೋರಾಗಿ ನಕ್ಕರು. ಅಲ್ಲಿದ್ದ ಹೆಚ್ಚಿನ ಸ್ಲೈಡ್‌ಗಳು ಗುಲಾಬಿ ಮತ್ತು ನೇರಳೆಯೇ. ಹೆಮಟಾಕ್ಸಿಲಿನ್ ಅನ್ನುವುದು ಜೀವಕೋಶದ ನ್ಯೂಕ್ಲಿಯಸ್ಸಿಗೆ ನೀಲಿ-ನೇರಳೆ ಬಣ್ಣ ಕೊಡುತ್ತದೆ. ಇಯೋಸಿನ್ ಸುತ್ತಲಿನದಕ್ಕೆ ಗುಲಾಬಿ ಕೊಡುತ್ತದೆ. ಆ ಚುಕ್ಕಿಗಳ ಗಾತ್ರ ಒಂದೇ ಥರ ಇದೆಯಾ, ಸಾಲು ತಪ್ಪಿದೆಯಾ, ಇರಬಾರದ ಕಡೆ ನುಗ್ಗಿದೆಯಾ, ಇದೆಲ್ಲ ಅವರು ಬಾಣ ನಿಲ್ಲಿಸುವ ಮೊದಲೇ ನೋಡಿ ಮುಗಿಸಿರುತ್ತಿದ್ದರು. ಸ್ಲೈಡ್ ಇಟ್ಟರು, ಸ್ವಲ್ಪ ಸರಿಸಿದರು, ತೆಗೆದರು, ಬರೆದರು. ನಾನು ಇನ್ನೂ ಫೋಕಸ್ ಸರಿ ಮಾಡಿಕೊಳ್ಳುತ್ತಿದ್ದೆ. "ಮೊದಲನೇ ವರ್ಷ ನನಗೂ ಅಷ್ಟೇ ಕಂಡಿದ್ದು, ಬೇಜಾರು ಮಾಡ್ಕೋಬೇಡ" ಅಂದರು.

ಅಷ್ಟರಲ್ಲಿ ಆಪರೇಷನ್ ಥಿಯೇಟರಿನಿಂದ ಒಂದು ತುಂಡು ಬಂತು. ಸರ್ಜನ್ ಅಲ್ಲಿ ಕಾಯುತ್ತಿದ್ದಾರೆ, ರೋಗಿ ಮೇಜಿನ ಮೇಲೆ ಇದ್ದಾರೆ. ಇಲ್ಲಿ ಆ ತುಂಡನ್ನು ಹೆಪ್ಪುಗಟ್ಟಿಸಿ, ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ, ಸುಮಾರು 20 ನಿಮಿಷದೊಳಗೆ ಉತ್ತರ ಹೇಳಬೇಕು. ಫ್ರೋಜನ್ ಸೆಕ್ಷನ್ ಅನ್ನುತ್ತಾರೆ. ಮೇಡಂ ನೋಡಿದರು, ಇಂಟರ್‌ಕಾಮ್ ಎತ್ತಿದರು, ಎರಡೇ ವಾಕ್ಯ ಹೇಳಿ ಇಟ್ಟರು. ಆ ಎರಡು ವಾಕ್ಯದ ಮೇಲೆ ಇನ್ನೊಂದು ಕೋಣೆಯಲ್ಲಿ ಎಷ್ಟು ಕತ್ತರಿಸಬೇಕು ಅನ್ನುವುದು ತೀರ್ಮಾನವಾಗುತ್ತಿತ್ತು. ನಾನು ಅಲ್ಲೇ ಬಿದ್ದುಹೋದೆ. ಮಾಡಿದರೆ ಈ ಕೆಲಸವೇ ಮಾಡಬೇಕು ಅನ್ನಿಸಿಬಿಟ್ಟಿತು.

ಮಧ್ಯಾಹ್ನ ಮೇಡಂಗೆ ಮೀಟಿಂಗ್ ಇತ್ತು. ಸುಮ್ನೆ ಯಾಕೆ ಕೂರುತ್ತೀಯ ಅಂತ ನನ್ನನ್ನು ಪಕ್ಕದ ಕೋಣೆಗೆ ಕಳಿಸಿದರು. ಬಾಗಿಲು ತೆಗೆದ ಕೂಡಲೇ ಫಾರ್ಮಾಲಿನ್ ವಾಸನೆ ಕಣ್ಣಿಗೆ ಹೊಡೆಯಿತು. ಒಬ್ಬರು ಯುವ ಡಾಕ್ಟರ್ ಏಪ್ರನ್, ಗ್ಲೌಸ್ ಹಾಕಿಕೊಂಡು ನಿಂತಿದ್ದರು. ಇನ್ನೂ ಟ್ರೇನಿಂಗ್‌ನಲ್ಲಿದ್ದವರು. ಮುಂದಿನ ಹಲಗೆಯ ಮೇಲೆ ಕ್ಯಾನ್ಸರ್ ಇದ್ದ ದೊಡ್ಡ ಕರುಳಿನ ಭಾಗ, ಅದಕ್ಕೆ ಅಂಟಿಕೊಂಡ ಹಳದಿ ಕೊಬ್ಬು. ಅಳತೆ ತೆಗೆದು, ಅದನ್ನು ಬಾಯಲ್ಲಿ ಹೇಳುತ್ತಾ, ಚಾಕುವಿನಿಂದ ಸಣ್ಣ ತುಂಡು ಮಾಡಿ ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಹಾಕುತ್ತಿದ್ದರು. ಪಕ್ಕದಲ್ಲಿದ್ದವರು ಬರೆದುಕೊಳ್ಳುತ್ತಿದ್ದರು. ಆಮೇಲೆ ಆ ಕೊಬ್ಬನ್ನು ಬೆರಳಿನಲ್ಲಿ ಹಿಚುಕುತ್ತಾ ಹೋದರು. ಮುಗಿಯುವ ಥರವೇ ಕಾಣಲಿಲ್ಲ.

"ಏನು ಹುಡುಕ್ತಿದ್ದೀರಿ?" ಅಂತ ಕೇಳಿದೆ. "ಲಿಂಫ್ ನೋಡ್. ಒಂಬತ್ತು ಸಿಕ್ಕಿದೆ. ಇನ್ನೂ ಮೂರಾದರೂ ಬೇಕು." ಲಿಂಫ್ ನೋಡ್ ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯ ಪುಟ್ಟ ಗಂಟು. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಕನಿಷ್ಠ 12 ಲಿಂಫ್ ನೋಡ್ ಆದರೂ ಪರೀಕ್ಷೆ ಆಗಬೇಕು ಅನ್ನುವುದು ನಿಯಮ. ಕಡಿಮೆ ಸಿಕ್ಕರೆ ರೋಗ ಅಲ್ಲಿಗೆ ಹರಡಿಲ್ಲ ಅಂತ ಧೈರ್ಯವಾಗಿ ಹೇಳುವ ಹಾಗಿಲ್ಲ. ಕೆಲವು ನೋಡ್‌ಗಳ ಅಗಲ ಎರಡು ಮೂರು ಮಿಲಿಮೀಟರ್ ಅಷ್ಟೇ. ಕೊಬ್ಬಿನೊಳಗೆ ಅದು ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದಂತೆ. "ಸಿಗದೇ ಇದ್ರೆ?" "ಮತ್ತೆ ಮೊದಲಿಂದ ಹುಡುಕೋದು." ಸ್ವಲ್ಪ ಹೊತ್ತು ಬಿಟ್ಟು ಅವರೇ ಕೇಳಿದರು. "ಮೇಡಂ ರೂಮಲ್ಲಿ ಸ್ಲೈಡ್ ನೋಡಿದ್ರಾ? ಚೆನ್ನಾಗಿರುತ್ತೆ ಅಲ್ವಾ? ನನಗೆ ಅಲ್ಲಿ ಕೂರೋಕೆ ಸಿಗೋದು ಇಲ್ಲಿನದೆಲ್ಲ ಮುಗಿದ ಮೇಲೆ."

ನಾನು ಡಾಕ್ಟರ್ ಆಗಲಿಲ್ಲ. ಅದರ ಕಾರಣಗಳು ಬೇರೆ, ಇಲ್ಲಿ ಬೇಡ. ಆದರೆ ಮೇಡಂಗೆ ಅವತ್ತು ಮೀಟಿಂಗ್ ಇಲ್ಲದಿದ್ದರೆ ಆ ಕೋಣೆ ನನಗೆ ಕಾಣುತ್ತಲೇ ಇರಲಿಲ್ಲ. ಪೆಥಾಲಜಿ ಅಂದರೆ ಹಸಿರು ಬಾಣ ಮತ್ತು ಎರಡು ವಾಕ್ಯ ಅಂದುಕೊಂಡೇ ಮನೆಗೆ ಹೋಗುತ್ತಿದ್ದೆ. ಮೇಡಂ ನನಗೆ ಸುಳ್ಳು ತೋರಿಸಲಿಲ್ಲ. ಅವರು ತೋರಿಸಿದ್ದು ಅವರ ಕೆಲಸವನ್ನೇ. ಅದನ್ನು ತಲುಪುವ ಮೊದಲು ಎಷ್ಟೋ ವರ್ಷ ನಿಲ್ಲಬೇಕಾದ ಜಾಗ ಗೋಡೆಯ ಆಚೆ ಇತ್ತು. ಆ ಕೋಣೆ ನೋಡಿ ನನಗೆ ಹೆದರಿಕೆ ಆಯಿತು ಅಂತಲೂ ಅಲ್ಲ. ವಾಸನೆ ಬಿಟ್ಟರೆ ಆ ಹುಡುಕಾಟ ನನಗೆ ಹಿಡಿಸಿತ್ತು. ಹನ್ನೆರಡನೆಯದು ಸಿಗುವ ತನಕ ಅಲ್ಲೇ ನಿಂತಿದ್ದೆ.

ಮಾಡುವವರನ್ನೇ ಕೇಳಿದರೆ ಸಾಲದೇ?

ಸಾಲದು. 1908ರಲ್ಲಿ ಬೋಸ್ಟನ್‌ನಲ್ಲಿ ಫ್ರಾಂಕ್ ಪಾರ್ಸನ್ಸ್ ಅನ್ನುವವರು ವೃತ್ತಿ ಆಯ್ಕೆಗೆ ಸಲಹೆ ಕೊಡುವ ಕಚೇರಿ ತೆರೆದರು. ಈಗಿನ ಕರಿಯರ್ ಕೌನ್ಸೆಲಿಂಗ್ ಅನ್ನುವುದರ ಬೇರು ಅಲ್ಲಿದೆ. ಅವರು ಹೇಳಿದ್ದು ಮೂರು ವಿಷಯ. ನಿಮ್ಮನ್ನು ನೀವು ತಿಳಿದುಕೊಳ್ಳಿ, ಕೆಲಸವನ್ನು ತಿಳಿದುಕೊಳ್ಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ಯೋಚಿಸಿ. ಮೊದಲನೆಯದಕ್ಕೆ ಇವತ್ತು ರಾಶಿ ರಾಶಿ ಪರೀಕ್ಷೆಗಳಿವೆ, ಪ್ರಶ್ನೆಪತ್ರಿಕೆಗಳಿವೆ. ಎರಡನೆಯದನ್ನು ಮಾತ್ರ ನೆಂಟರಿಷ್ಟರ ಮಾತಿಗೆ ಬಿಟ್ಟುಬಿಟ್ಟಿದ್ದೇವೆ. ಆ ಕೆಲಸ ಮಾಡುವವರ ಮಾತಿಗೆ ಬಿಟ್ಟರೂ ಅಷ್ಟೊಂದು ಲಾಭ ಇಲ್ಲ. ತಾವು ದಿನವಿಡೀ ಏನು ಮಾಡುತ್ತೇವೆ ಅನ್ನುವುದು ಅವರಿಗೇ ಸರಿಯಾಗಿ ಗೊತ್ತಿರುವುದಿಲ್ಲ.

ಮ್ಯಾನೇಜರ್ ಅಂದರೆ ಯೋಜನೆ ಹಾಕುವವರು, ಸಂಘಟಿಸುವವರು, ನಿಯಂತ್ರಿಸುವವರು ಅಂತ ಫ್ರಾನ್ಸಿನ ಆನ್ರಿ ಫಯೋಲ್ 1916ರಲ್ಲಿ ಬರೆದರು. ದಶಕಗಟ್ಟಲೆ ಪಠ್ಯಗಳಲ್ಲಿ ಅದೇ ನಡೆಯಿತು, ಮ್ಯಾನೇಜರುಗಳೂ ತಮ್ಮ ಬಗ್ಗೆ ಹಾಗೇ ಹೇಳಿಕೊಂಡರು. ಕೆನಡಾದ ಹೆನ್ರಿ ಮಿಂಟ್ಸ್‌ಬರ್ಗ್ ಕೇಳುವುದನ್ನು ಬಿಟ್ಟು ನೋಡಲು ಹೋದರು. ಐದು ಸಂಸ್ಥೆಗಳ ಮುಖ್ಯಸ್ಥರ ಜೊತೆ ಒಂದೊಂದು ವಾರ ಕೂತು ಗಡಿಯಾರ ನೋಡಿ ಬರೆದುಕೊಂಡರು. 1973ರಲ್ಲಿ ಅದು ಪುಸ್ತಕವಾಗಿ ಬಂತು. ಆ ಮುಖ್ಯಸ್ಥರು ಮಾಡುತ್ತಿದ್ದ ಕೆಲಸಗಳಲ್ಲಿ ಅರ್ಧದಷ್ಟು ಒಂಬತ್ತು ನಿಮಿಷ ಕೂಡ ನಡೆಯುತ್ತಿರಲಿಲ್ಲ. ಒಂದು ಗಂಟೆ ದಾಟುತ್ತಿದ್ದದ್ದು ಹತ್ತರಲ್ಲಿ ಒಂದು. ಶಾಂತವಾಗಿ ಕೂತು ದೂರದ ಯೋಚನೆ ಮಾಡುವ ಮನುಷ್ಯ ಅಲ್ಲಿ ಇರಲೇ ಇಲ್ಲ. ಫೋನ್, ಬಾಗಿಲು ತಟ್ಟುವವರು, ಮತ್ತೆ ಫೋನ್.

ಡಾಕ್ಟರುಗಳ ವಿಷಯದಲ್ಲೂ ಹೀಗೇ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ 57 ಡಾಕ್ಟರುಗಳನ್ನು ಒಟ್ಟು 430 ಗಂಟೆ ಪಕ್ಕದಲ್ಲಿ ನಿಂತು ನೋಡಿದರು. ರೋಗಿಯ ಜೊತೆ ನೇರವಾಗಿ ಕಳೆಯುವ ಪ್ರತಿ ಒಂದು ಗಂಟೆಗೆ ಹೆಚ್ಚುಕಡಿಮೆ ಎರಡು ಗಂಟೆ ಕಂಪ್ಯೂಟರ್ ದಾಖಲೆ ಮತ್ತು ಮೇಜಿನ ಕೆಲಸಕ್ಕೆ ಹೋಗುತ್ತಿತ್ತು. ರಾತ್ರಿ ಮನೆಗೆ ಹೋದ ಮೇಲೂ ಒಂದೆರಡು ಗಂಟೆ ಅದೇ. ನೀವು ಒಬ್ಬ ಡಾಕ್ಟರನ್ನು "ನಿಮ್ಮ ಕೆಲಸ ಏನು?" ಅಂತ ಕೇಳಿ ನೋಡಿ. ಟೈಪ್ ಮಾಡುವುದು ಅಂತ ಯಾರೂ ಹೇಳುವುದಿಲ್ಲ. ಸುಳ್ಳು ಹೇಳಬೇಕು ಅಂತಲ್ಲ. ಆ ಭಾಗವನ್ನು ಅವರು ಕೆಲಸ ಅಂತ ಲೆಕ್ಕಕ್ಕೇ ಹಿಡಿದಿಲ್ಲ.

ಇನ್ನೊಂದು ತೊಡಕೂ ಇದೆ. ಚೆನ್ನಾಗಿ ಬರುವ ಕೆಲಸವನ್ನು ಬಾಯಲ್ಲಿ ಹೇಳುವುದು ಕಷ್ಟ. ಮೈಕೆಲ್ ಪೋಲಾನಿ ಅನ್ನುವ ವಿಜ್ಞಾನಿ-ಚಿಂತಕ ಐವತ್ತು ಅರವತ್ತರ ದಶಕಗಳಲ್ಲಿ ಇದನ್ನೇ ಇಟ್ಟುಕೊಂಡು ಬರೆದರು. ನಮಗೆ ಹೇಳಲು ಬರುವುದಕ್ಕಿಂತ ಜಾಸ್ತಿ ಗೊತ್ತಿರುತ್ತದೆ ಅನ್ನುವುದು ಅವರ ವಾದ. ಮೇಡಂ ಬಾಣ ನಿಲ್ಲಿಸಿದ ಜಾಗದಲ್ಲಿ ಏನಿತ್ತು ಅಂತ ಅವರು ವಿವರಿಸಬಲ್ಲರು. ಅದೇ ಜಾಗಕ್ಕೆ ಯಾಕೆ ಹೋದಿರಿ ಅಂದರೆ "ನೋಡಿದ ಕೂಡಲೇ ಗೊತ್ತಾಗುತ್ತೆ" ಅನ್ನುತ್ತಾರೆ. ಅದು ನಿಜವಾದ ಉತ್ತರವೇ. ಕಲಿಯಲು ಬಂದವರಿಗೆ ಮಾತ್ರ ಅದರಿಂದ ಏನೂ ದಕ್ಕುವುದಿಲ್ಲ.

(ಪಕ್ಕದಲ್ಲಿ ಯಾರೋ ಕೂತಿದ್ದಾರೆ ಅಂದರೆ ನಡವಳಿಕೆ ಬದಲಾಗುವುದೂ ಉಂಟು. ಆಸ್ಪತ್ರೆಗಳಲ್ಲಿ ಪರಿಶೀಲಕರು ಸುತ್ತಮುತ್ತ ಇದ್ದಾಗ ಸಿಬ್ಬಂದಿ ಕೈ ತೊಳೆಯುವುದು ಹೆಚ್ಚಾಗುತ್ತದೆ ಅಂತ ಅಳೆದೇ ನೋಡಿದ್ದಾರೆ. ಆದರೆ ದಿನವಿಡೀ ನಟಿಸುವುದು ಯಾರಿಂದಲೂ ಆಗದು. ಮಧ್ಯಾಹ್ನದ ಹೊತ್ತಿಗೆ ನಿಮ್ಮನ್ನು ಮರೆತುಬಿಡುತ್ತಾರೆ. ಆಮೇಲಿನದನ್ನು ಗಮನವಿಟ್ಟು ನೋಡಿ.)

"ಕೆಲಸ ಯಾವಾಗ ಶುರು ಮಾಡ್ತೀಯಾ?"

ಈಗ ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಅದೂ ಬಹಳ ವರ್ಷದಿಂದ. ಹಾಗಾಗಿ ನೋಡಿಸಿಕೊಳ್ಳುವ ಸರದಿ ನನಗೂ ಬಂತು. ಅಕ್ಕನ ಮಗ ರಜೆಯಲ್ಲಿ ಮನೆಗೆ ಬಂದಿದ್ದ. ಮನೆಯಿಂದ ಕೆಲಸ ಮಾಡುವ ದಿನ, ಆಫೀಸಿನಲ್ಲಿ ಕೇಳಿ ಒಪ್ಪಿಗೆ ತೆಗೆದುಕೊಂಡು, ಅವನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡೆ. ಅವತ್ತು ನನ್ನ ಮುಂದಿದ್ದದ್ದು ಒಂದು ವಿಚಿತ್ರ ತಪ್ಪು. ಒಂದು ವರದಿಯಲ್ಲಿ ಕೆಲವು ಜನರ ಲೆಕ್ಕ ಮಾತ್ರ ಹಿಂದಿನ ದಿನಕ್ಕೆ ಹೋಗಿ ಸೇರುತ್ತಿತ್ತು. ಎಲ್ಲರದ್ದೂ ಅಲ್ಲ, ಎಲ್ಲ ದಿನವೂ ಅಲ್ಲ. ನಾನು ಪರದೆ ನೋಡುತ್ತಾ ಕೂತೆ. ಒಂದು ಫೈಲ್ ತೆರೆದೆ, ಮುಚ್ಚಿದೆ. ಇನ್ನೊಂದು ತೆರೆದೆ. ಲಾಗ್, ಅಂದರೆ ಪ್ರೋಗ್ರಾಂ ಏನೇನು ಮಾಡಿತು ಅನ್ನುವ ದಾಖಲೆ, ಓದಿದೆ. ಎದ್ದು ನೀರು ಕುಡಿದು ಬಂದೆ. ಮತ್ತೆ ಅದೇ ಲಾಗ್. ಬೆಳಗ್ಗೆಯ ಅರ್ಧ ಹೊತ್ತು ಹೀಗೇ ಹೋಯಿತು. ಹುಡುಗ ಬಹಳ ಮರ್ಯಾದೆಯಿಂದಲೇ ಕೇಳಿದ. "ಚಿಕ್ಕಮ್ಮಾ, ನೀನು ಕೆಲಸ ಯಾವಾಗ ಶುರು ಮಾಡ್ತೀಯಾ?"

ನಗು ಬಂತು. ಆಮೇಲೆ ಯೋಚನೆಯೂ ಬಂತು. ಬಡಗಿಯ ಪಕ್ಕ ಕೂತರೆ ಕೈ ಕಾಣುತ್ತದೆ, ಮರ ಕಾಣುತ್ತದೆ, ತಪ್ಪಾದರೆ ಅದೂ ಕಾಣುತ್ತದೆ. ನನ್ನ ಪಕ್ಕ ಕೂತರೆ ಕಾಣುವುದು ಒಬ್ಬ ಹೆಂಗಸು ಸುಮ್ನೆ ಕೂತಿರುವುದು. ಹೀಗಾಗಿ ನೋಡಿ ಆರಿಸುವ ಮಕ್ಕಳು ಕಣ್ಣಿಗೆ ಕಾಣುವ ಕೆಲಸಗಳ ಕಡೆಗೇ ವಾಲುತ್ತಾರೆ ಅನ್ನುವುದು ನನ್ನ ಅನುಮಾನ. ಸರ್ಜನ್, ಷೆಫ್, ಪೈಲಟ್. ಲೆಕ್ಕಪತ್ರ ನೋಡುವವರ ಪಕ್ಕ ಕೂತು ಮನಸೋತವರನ್ನು ನಾನಂತೂ ಕಂಡಿಲ್ಲ. ಆ ಕೆಲಸದಲ್ಲೂ ಒಳಗೊಳಗೇ ಏನೇನೋ ನಡೆಯುತ್ತಿರುತ್ತದೆ, ಹೊರಗಿನವರಿಗೆ ಕಾಣುವುದಿಲ್ಲ.

ಅವತ್ತು ನಾನು ತಲೆಯಲ್ಲಿ ಓಡುವುದನ್ನು ಬಾಯಿಬಿಟ್ಟು ಹೇಳಲು ಶುರು ಮಾಡಿದೆ. "ಈ ಜನರದ್ದು ಮಾತ್ರ ಯಾಕೆ ತಪ್ಪುತ್ತಿದೆ? ಇವರೆಲ್ಲ ನಡುರಾತ್ರಿ ಆದ ಮೇಲೆ ಕೆಲಸ ಮಾಡುವವರಾ? ಹೌದು ಅನ್ನಿಸುತ್ತೆ. ಹಾಗಾದರೆ ಸರ್ವರ್ ಯಾವ ಗಡಿಯಾರ ನೋಡುತ್ತಿದೆ?" ಸರ್ವರ್ ಯುಟಿಸಿ ಅನ್ನುವ ಅಂತರರಾಷ್ಟ್ರೀಯ ಸಮಯದ ಲೆಕ್ಕದಲ್ಲಿ ದಿನ ಬದಲಿಸುತ್ತಿತ್ತು, ಆ ಜನರ ಗಡಿಯಾರ ಅದಕ್ಕಿಂತ ಮುಂದಿತ್ತು. ಅವರಿಗೆ ಹೊಸ ದಿನ ಶುರುವಾಗಿದ್ದರೂ ಸರ್ವರಿಗೆ ಇನ್ನೂ ನಿನ್ನೆಯೇ. ಹುಡುಗ ತಲೆಯಾಡಿಸಿದ. ಪೂರ್ತಿ ಅರ್ಥವಾಯಿತು ಅಂತ ಅವನ ಮುಖ ಹೇಳಲಿಲ್ಲ.

ಅವನು ನಿಜವಾಗಿ ಎದ್ದು ಕೂತಿದ್ದು ಊಟದ ನಂತರ. ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ವಿಡಿಯೋ ಕಾಲ್‌ನಲ್ಲಿ ಬಂದು ತನ್ನ ಪರದೆ ತೋರಿಸಿದಳು. "ಮೇಡಂ, ಇದು ದಡ್ಡ ಪ್ರಶ್ನೆ ಇರಬಹುದು, ಆದರೆ ಈ ಫೈಲನ್ನು ಯಾರು ಕರೀತಾರೆ, ಎಲ್ಲಿಂದ ಕರೀತಾರೆ ಅಂತಾನೇ ನನಗೆ ಗೊತ್ತಾಗ್ತಿಲ್ಲ." ಅಕ್ಕನ ಮಗ ಕುರ್ಚಿ ಮುಂದೆ ಎಳೆದುಕೊಂಡ. ಅವಳು ಕೇಳಿದ ಒಂದೊಂದು ಪ್ರಶ್ನೆಯೂ ಅವನದ್ದೇ ಆಗಿತ್ತು. ಅವಳು ಎಲ್ಲಿ ಸಿಕ್ಕಿಹಾಕಿಕೊಂಡಳು, ಏನು ಟೈಪ್ ಮಾಡಿದಳು, ಯಾವುದು ಕೆಂಪಾಯಿತು, ಆಗ ಅವಳು ಏನು ಮಾಡಿದಳು, ಎಲ್ಲವೂ ಅವನಿಗೆ ತಿಳಿಯಿತು. ಕಾಲ್ ಮುಗಿದ ಮೇಲೆ "ಆ ಅಕ್ಕ ದಿನಾ ಇದನ್ನೇ ಮಾಡ್ತಾರಾ? ದಿನಾ ಹೀಗೇ ಗೊತ್ತಾಗದೇ ಇರುತ್ತಾ?" ಅಂತ ಕೇಳಿದ. ನನ್ನ ಕೆಲಸದ ಬಗ್ಗೆ ಬೆಳಗ್ಗೆಯಿಂದ ಅವನು ಕೇಳಿದ ಪ್ರಶ್ನೆಗಳಲ್ಲಿ ಇದೇ ಒಳ್ಳೆಯದು. ಹೌದು, ಮೊದಲ ಒಂದೆರಡು ವರ್ಷ ದಿನದ ಹೆಚ್ಚಿನ ಪಾಲು ಗೊತ್ತಾಗದೇ ಇರುವುದರಲ್ಲೇ ಹೋಗುತ್ತದೆ. ಅದನ್ನು ಸಹಿಸಿಕೊಳ್ಳುವುದಷ್ಟೇ ಅಲ್ಲ, ಅದರಲ್ಲಿ ಒಂಚೂರು ಮಜಾ ಸಿಗುವವರು ಈ ಕೆಲಸದಲ್ಲಿ ಉಳಿಯುತ್ತಾರೆ. ಇದನ್ನು ನಾನು ಅವನಿಗೆ ತೋರಿಸಲಾರೆ. ನನಗೆ ಗೊತ್ತಾಗದ ವಿಷಯಗಳು ಈಗ ಅವನ ಕಣ್ಣಿಗೆ ಕಾಣುವ ಮಟ್ಟದವಲ್ಲ.

ತೆರೆದ ಬಾಗಿಲು, ಮುಚ್ಚಿದ ಬಾಗಿಲು

ಎಲ್ಲ ಕೆಲಸವನ್ನೂ ಹೀಗೆ ಹೋಗಿ ನೋಡಲಾಗುವುದಿಲ್ಲ. ಕೌನ್ಸೆಲರ್ ಮತ್ತು ಅವರ ಹತ್ತಿರ ಬಂದವರ ನಡುವೆ ಮೂರನೆಯವರಿಗೆ ಜಾಗ ಇಲ್ಲ, ಇರಲೂಬಾರದು. ಹಾರುವ ವಿಮಾನದ ಕಾಕ್‌ಪಿಟ್ ಬಾಗಿಲು 2001ರ ಸೆಪ್ಟೆಂಬರ್ ದಾಳಿಯ ನಂತರ ಗಟ್ಟಿಯಾಗಿ ಮುಚ್ಚಿಕೊಂಡಿತು. ಕೋರ್ಟು ಇದಕ್ಕೆ ಉಲ್ಟಾ. ಬಹಳಷ್ಟು ದೇಶಗಳಲ್ಲಿ ವಿಚಾರಣೆ ಸಾರ್ವಜನಿಕರ ಎದುರೇ ನಡೆಯಬೇಕು ಅನ್ನುವುದು ನಿಯಮ. ಯಾರ ಶಿಫಾರಸೂ ಬೇಕಿಲ್ಲ, ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬಹುದು. ಆದರೂ ವಕೀಲರಾಗಬೇಕು ಅನ್ನುವ ಎಷ್ಟು ಮಕ್ಕಳು ಹೋಗಿ ಕೂತಿದ್ದಾರೆ? ಒಂದು ದಿನ ಕೂತರೆ ಸಾಕು. ವಾದಕ್ಕಿಂತ ಕಾಯುವುದು ಎಷ್ಟು ಜಾಸ್ತಿ, ಆ ಕಾಯುವುದನ್ನು ಯಾರು ಮಾಡುತ್ತಾರೆ, ಫೈಲ್ ಹಿಡಿದು ಗೋಡೆಗೆ ಒರಗಿ ನಿಂತವರು ಯಾರು ಅನ್ನುವುದೆಲ್ಲ ಕಾಣುತ್ತದೆ.

ಕೆಲವೊಮ್ಮೆ ಒಳಗೆ ಸೇರಿಕೊಂಡವರಿಗೇ ನೋಡಲು ಬಿಡುವುದಿಲ್ಲ. ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ ಅನ್ನುವ ಸಂಶೋಧಕರು ಕೆಲಸ ಕಲಿಯುವುದರ ಬಗ್ಗೆ 1991ರಲ್ಲಿ ಬರೆದದ್ದರಲ್ಲಿ ಎರಡು ಉದಾಹರಣೆ ನನ್ನನ್ನು ಬಿಟ್ಟಿಲ್ಲ. ಅಮೆರಿಕದ ಸೂಪರ್ ಮಾರ್ಕೆಟ್‌ಗಳಲ್ಲಿ ಮಾಂಸ ಕತ್ತರಿಸುವ ಕೆಲಸ ಕಲಿಯಲು ಬಂದ ಹುಡುಗರನ್ನು ಪ್ಯಾಕ್ ಮಾಡುವ ಮೆಷಿನ್ ಹತ್ತಿರ ನಿಲ್ಲಿಸುತ್ತಿದ್ದರು. ಪಳಗಿದವರು ಕತ್ತರಿಸುವುದು ಬೇರೆ ಕೋಣೆಯಲ್ಲಿ. ನಡುವೆ ಗೋಡೆ. ಹೆಸರಿಗೆ ಕಲಿಯುವವರು, ಕಣ್ಣಿಗೆ ಏನೂ ಬೀಳುವುದಿಲ್ಲ. ಇನ್ನೊಂದು ಲೈಬೀರಿಯಾದ ದರ್ಜಿಗಳದ್ದು. ಅಲ್ಲಿ ಹೊಸ ಹುಡುಗರು ಶುರು ಮಾಡುವುದು ಬಟ್ಟೆ ಕತ್ತರಿಸುವುದರಿಂದಲ್ಲ. ಗುಂಡಿ ಹಾಕುವುದು, ಅಂಚು ಹೊಲಿಯುವುದು ಮೊದಲು. ಆಮೇಲೆ ಹೊಲಿಗೆ, ಕತ್ತರಿಸುವುದು ಕೊನೆಗೆ. ಬಟ್ಟೆ ತಯಾರಾಗುವ ಕ್ರಮಕ್ಕೆ ಪೂರ್ತಿ ಉಲ್ಟಾ. ಗುಂಡಿ ಹಾಕುವಾಗ ಇಡೀ ಬಟ್ಟೆ ತೊಡೆಯ ಮೇಲೆ ಇರುತ್ತದೆ, ಯಾವ ತುಂಡು ಎಲ್ಲಿ ಕೂತಿದೆ ಅಂತ ನೋಡುತ್ತಾ ನೋಡುತ್ತಾ ತಿಳಿಯುತ್ತದೆ. ತಪ್ಪಿದರೂ ಬಟ್ಟೆ ಹಾಳಾಗುವುದಿಲ್ಲ. ಒಂದು ವೃತ್ತಿ ತನ್ನ ಹೊಸಬರನ್ನು ಎಲ್ಲಿ ನಿಲ್ಲಿಸುತ್ತದೆ, ಅಲ್ಲಿಂದ ಅವರಿಗೆ ಏನು ಕಾಣುತ್ತದೆ ಅನ್ನುವುದನ್ನು ಗಮನಿಸಿದರೆ, ಅಲ್ಲಿ ಕೆಲಸ ಕಲಿಸುತ್ತಾರಾ ಅಥವಾ ಸುಮ್ನೆ ದುಡಿಸುತ್ತಾರಾ ಅಂತ ಒಂದೇ ದಿನದಲ್ಲಿ ಅಂದಾಜಾಗುತ್ತದೆ.

ಚಿಕ್ಕವರ ಪಕ್ಕ ಕೂತರೆ

ದೊಡ್ಡವರ ಪಕ್ಕ ಕೂರಲೇಬೇಡಿ ಅನ್ನುತ್ತಿಲ್ಲ. ಈ ದಾರಿ ಎಲ್ಲಿಗೆ ಹೋಗುತ್ತದೆ ಅಂತ ಅವರನ್ನು ನೋಡಿದರೆ ತಿಳಿಯುತ್ತದೆ. ಆದರೆ ಅಲ್ಲಿ ಒಂದು ದಿನ ಸಾಕು. ಉಳಿದ ದಿನಗಳನ್ನು ಸೇರಿ ಎರಡು ಮೂರು ವರ್ಷ ಆಗಿರುವವರ ಪಕ್ಕ ಕಳೆಯಬೇಕು. ಹೆಸರು ಮಾಡಿದ ಆರ್ಕಿಟೆಕ್ಟ್ ಬೆಳಗ್ಗೆ ಕ್ಲೈಂಟ್ ಜೊತೆ ಮಾತು, ಮಧ್ಯಾಹ್ನ ಸೈಟ್, ಸಂಜೆ ಒಂದು ಸ್ಕೆಚ್ ಅಂತ ಇರುತ್ತಾರೆ. ಅದೇ ಆಫೀಸಿನ ಮೂಲೆಯಲ್ಲಿ ಒಬ್ಬರು ಬಾಗಿಲು ಕಿಟಕಿಗಳ ಪಟ್ಟಿ ಮಾಡುತ್ತಿರುತ್ತಾರೆ. ಎಷ್ಟು ಅಗಲ, ಎಷ್ಟು ಎತ್ತರ, ಯಾವ ಕಡೆ ತೆರೆಯುತ್ತದೆ, ಬದಲಾದ ನಕ್ಷೆಯಲ್ಲಿ ಅದು ಬದಲಾಗಿದೆಯಾ. ಮೆಟ್ಟಿಲಿನ ವಿವರ, ಬಾತ್‌ರೂಮಿನ ವಿವರ. ಆ ಪಟ್ಟಿಯಲ್ಲಿ ಕಟ್ಟಡ ಕಾಣುವ ಹುಡುಗಿಯೂ ಇರುತ್ತಾಳೆ, ಬರೀ ಪಟ್ಟಿ ಕಾಣುವವಳೂ ಇರುತ್ತಾಳೆ. ತಾನು ಯಾರು ಅಂತ ತಿಳಿಯಲು ಆ ಮೂಲೆಯಲ್ಲೇ ಕೂರಬೇಕು.

ದೊಡ್ಡವರು ತಮ್ಮ ಶುರುವಿನ ದಿನಗಳ ಬಗ್ಗೆ ಚೆಂದವಾಗಿ ಕಥೆ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆ ಕಥೆಗಳಿಗೆ ಈಗ ಬೆಲೆ ಕಡಿಮೆ. ಯಾಕೆಂದರೆ ಶುರುವಿನ ಕೆಲಸವೇ ಬೇಗ ಬದಲಾಗುತ್ತಿರುವುದು. ನಾನು ಸೇರಿದಾಗ ಹೊಸಬರಿಗೆ ಕೊಡುತ್ತಿದ್ದ ಸಣ್ಣ ಸಣ್ಣ ಕೋಡ್ ಈಗ ಎಐ ಬರೆದುಕೊಡುತ್ತದೆ. ನಮ್ಮ ತಂಡದ ಆ ಹುಡುಗಿಯ ಅರ್ಧ ದಿನ ಅದು ಬರೆದದ್ದು ಸರಿಯಾ ಅಂತ ನೋಡುವುದರಲ್ಲಿ ಹೋಗುತ್ತದೆ. ಓದುವ ಕೆಲಸ ಜಾಸ್ತಿಯಾಗಿದೆ, ಬರೆಯುವುದು ಕಡಿಮೆಯಾಗಿದೆ. ಪೆಥಾಲಜಿಯಲ್ಲೂ ಸ್ಲೈಡನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ನೋಡಿಯೇ ರೋಗ ನಿರ್ಣಯ ಮಾಡುವ ವ್ಯವಸ್ಥೆಗೆ ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಮೊದಲ ಬಾರಿ ಒಪ್ಪಿಗೆ ಕೊಟ್ಟಿತು. ಹನ್ನೆರಡು ಲಿಂಫ್ ನೋಡ್ ಹುಡುಕುವ ಬೆರಳು ಮಾತ್ರ ಇನ್ನೂ ಬೇಕು. ಯಾವುದು ಉಳಿದಿದೆ, ಯಾವುದು ಹೋಗಿದೆ ಅನ್ನುವ ಲೆಕ್ಕ ಚಿಕ್ಕವರ ಹತ್ತಿರ ಇರುತ್ತದೆ.

ಚಿಕ್ಕವರ ಮಾತಿಗೆ ತೂಕ ಕೊಡುವುದಕ್ಕೆ ನಮಗೆ ಮನಸ್ಸು ಬರುವುದಿಲ್ಲ, ಇದು ನಿಜ. 2009ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಗಿಲ್ಬರ್ಟ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಒಬ್ಬ ಹುಡುಗನನ್ನು ಐದು ನಿಮಿಷ ಭೇಟಿ ಮಾಡಿದರೆ ಎಷ್ಟು ಖುಷಿ ಆಗಬಹುದು ಅಂತ ಹುಡುಗಿಯರು ಮೊದಲೇ ಅಂದಾಜು ಹೇಳಬೇಕಿತ್ತು. ಕೆಲವರಿಗೆ ಅವನ ಫೋಟೋ ಮತ್ತು ವಿವರ ಕೊಟ್ಟರು. ಇನ್ನು ಕೆಲವರಿಗೆ, ಆಗಲೇ ಅವನನ್ನು ಭೇಟಿ ಮಾಡಿದ್ದ ಇನ್ನೊಬ್ಬ ಹುಡುಗಿಗೆ ಎಷ್ಟು ಖುಷಿ ಆಗಿತ್ತು ಅಂತ ಮಾತ್ರ ತಿಳಿಸಿದರು. ಎರಡನೆಯ ಗುಂಪಿನ ಅಂದಾಜೇ ಹೆಚ್ಚು ಸರಿಯಾಗಿತ್ತು. ಆದರೂ ಹೆಚ್ಚಿನವರು ಫೋಟೋ ಮತ್ತು ವಿವರವೇ ಉಪಯೋಗ ಅಂತ ನಂಬಿದ್ದರು. ಕೋರ್ಸಿನ ಬ್ರೋಷರ್ ಓದಿ ನಿರ್ಧಾರ ಮಾಡುವಾಗ ನಾವೂ ಅದನ್ನೇ ಮಾಡುತ್ತೇವೆ. ನಿನ್ನೆ ಮೊನ್ನೆ ಆ ಜಾಗಕ್ಕೆ ಹೋಗಿ ಕೂತವರನ್ನು ಕೇಳುವುದಿಲ್ಲ.

ಕೇಳುವಾಗ ಕೂಡ "ಈ ಕೆಲಸ ಇಷ್ಟಾನಾ?" ಅಂತ ಕೇಳಿದರೆ ಬರುವುದು ಅಭ್ಯಾಸದ ಉತ್ತರ. "ನಿನ್ನೆ ಬೆಳಗ್ಗೆ ಬಂದ ಮೇಲೆ ಏನೇನು ಮಾಡಿದಿರಿ?" ಅಂತ ಕೇಳಿ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಅವರ ತಂಡ 2004ರಲ್ಲಿ 909 ಉದ್ಯೋಗಸ್ಥ ಮಹಿಳೆಯರ ದಿನಗಳನ್ನು ಅಳೆದದ್ದು ಹೀಗೇ, ನಿನ್ನೆಯ ದಿನವನ್ನು ತುಂಡು ತುಂಡಾಗಿ ನೆನಪು ಮಾಡಿಸಿ. ಆ ನಿನ್ನೆಯಲ್ಲಿ ನೀವು ಕನಸು ಕಂಡ ಭಾಗ ಬರದಿದ್ದರೆ, ಅದನ್ನು ಕೊನೆಯ ಸಲ ಯಾವಾಗ ಮಾಡಿದಿರಿ ಅಂತ ಕೇಳಿ. ಮತ್ತೆ ಊಟದ ಹೊತ್ತಿಗೆ ಎದ್ದು ಹೊರಡಬೇಡಿ. ಜೂಲಿಯನ್ ಓರ್ ಅನ್ನುವ ಮಾನವಶಾಸ್ತ್ರಜ್ಞ ಜೆರಾಕ್ಸ್ ಮೆಷಿನ್ ರಿಪೇರಿ ಮಾಡುವವರ ಜೊತೆ ಓಡಾಡಿ ಕಂಡುಕೊಂಡದ್ದು ಏನೆಂದರೆ, ಕಂಪನಿಯ ಕೈಪಿಡಿಗೆ ಬಗ್ಗದ ತೊಂದರೆಗಳು ಬಗೆಹರಿಯುತ್ತಿದ್ದದ್ದು ಅವರು ಒಟ್ಟಿಗೆ ಕೂತು ತಿನ್ನುವಾಗ ಹೇಳಿಕೊಳ್ಳುತ್ತಿದ್ದ ಕಥೆಗಳಲ್ಲಿ. ಹೊರಗಿನವರಿಗೆ ಅದು ಹರಟೆ. ದೊಡ್ಡವರು ಎದ್ದು ಹೋದ ಮೇಲೆ ಚಿಕ್ಕವರು ಮಾತಾಡುವುದೂ ಆಗಲೇ.

ಚಿಕ್ಕವರ ಪಕ್ಕ ಕೂರುವುದರಲ್ಲಿ ಒಂದು ಅಪಾಯ ಇದೆ. ಅವರು ಗೊಣಗುತ್ತಾರೆ. ಸಂಬಳ ಸಾಲದು, ಬಾಸ್ ಸರಿಯಿಲ್ಲ, ಇದಕ್ಕೆ ಬರಲೇಬೇಡಿ ಅನ್ನುತ್ತಾರೆ. ಒಬ್ಬರ ಮಾತು ಕೇಳಿ ಹೆದರಿ ವಾಪಸ್ ಬಂದವರನ್ನು ನೋಡಿದ್ದೇನೆ. ಅದಕ್ಕೇ ಬೇರೆ ಬೇರೆ ಕಡೆ ಕೆಲಸ ಮಾಡುವ ಇಬ್ಬರನ್ನಾದರೂ ನೋಡಿ ಅನ್ನುತ್ತೇನೆ. ಬಾಸ್ ಬಗ್ಗೆ ಗೊಣಗಿದ್ದನ್ನು ಪಕ್ಕಕ್ಕಿಡಿ, ಅದು ಆ ಆಫೀಸಿನ ಕಥೆ. ಇಬ್ಬರೂ ಒಂದೇ ವಿಷಯಕ್ಕೆ ಗೊಣಗಿದರೆ ಅದನ್ನು ಬರೆದಿಟ್ಟುಕೊಳ್ಳಿ. ಸಾಧ್ಯವಾದರೆ ಅದೇ ಕೆಲಸವನ್ನು ನಿಮಗೂ ಅರ್ಧ ಗಂಟೆ ಮಾಡಲು ಕೊಡುತ್ತಾರಾ ಅಂತ ಕೇಳಿ. ರೋಗಿ, ಕಕ್ಷಿದಾರರ ವಿಷಯ ಇರುವ ಕಡೆ ಕೊಡುವುದಿಲ್ಲ, ಕೊಡಬಾರದು. ಬೇರೆ ಕಡೆ ಕೊಡುತ್ತಾರೆ. ಯಾರಿಗೂ ಬೇಡವಾದ ಕೆಲಸ ನೋಡಿ, ಸಂತೋಷವಾಗಿಯೇ ಕೊಡುತ್ತಾರೆ.